ಝೆಡ್ ಡ್ರೈವ್‌ನಲ್ಲಿ ಒಬ್ಬನಿಗೆ ಮಾತ್ರ ಸೋಮವಾರದ ಫೈಲ್, ಉಳಿದವರಿಗೆ ಇವತ್ತಿನದು. ಏನು ಕಾರಣ?

ಲೆಡ್ಜರ್ ಅಕ್ಕ (ದಾವಣಗೆರೆ) · ಗುರುವಾರ ಬೆಳಿಗ್ಗೆ 10:40

ಎಲ್ಲರಿಗೂ ನಮಸ್ಕಾರ. ನಮ್ಮದು ಸಣ್ಣ ಆಡಿಟ್ ಆಫೀಸ್. ಹತ್ತು ಹನ್ನೆರಡು ಕಂಪ್ಯೂಟರ್, ಒಂದು ವಿಂಡೋಸ್ ಸರ್ವರ್ 2019. ಸರ್ವರ್‌ನಲ್ಲಿರುವ ಒಂದು ಫೋಲ್ಡರ್ ಎಲ್ಲರಿಗೂ ಝೆಡ್ ಡ್ರೈವ್ ಆಗಿ ಕಾಣುತ್ತದೆ. ನಾನು ಐಟಿ ಓದಿದವಳಲ್ಲ. ಪ್ರಿಂಟರ್ ಕೆಟ್ಟರೂ ನನ್ನನ್ನೇ ಕರೆಯುತ್ತಾರೆ, ಅಷ್ಟೇ.

ಒಬ್ಬ ಆರ್ಟಿಕಲ್ (ಸಿಎ ತರಬೇತಿ) ಹುಡುಗನ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ತೊಂದರೆ. ಜಿಎಸ್‌ಟಿ 2ಬಿ (ಪೋರ್ಟಲ್ ತೋರಿಸುವ ಖರೀದಿ ಬಿಲ್‌ಗಳ ಪಟ್ಟಿ) ಮತ್ತು ಪರ್ಚೇಸ್ ರಿಜಿಸ್ಟರ್ ತಾಳೆ ನೋಡುವ ಒಂದು ಎಕ್ಸೆಲ್ ಶೀಟ್ ಇದೆ. ಅವನಿಗೆ ಅದು ಸೋಮವಾರ ಹೇಗಿತ್ತೋ ಹಾಗೇ ಕಾಣುತ್ತದೆ. ಉಳಿದವರಿಗೆ ಇವತ್ತು ಬೆಳಿಗ್ಗೆ ಸೇರಿಸಿದ ಬಿಲ್‌ಗಳೂ ಕಾಣುತ್ತವೆ. ಇನ್ನೂ ವಿಚಿತ್ರ ಅಂದರೆ, ಅವನು ಅದೇ ಶೀಟ್‌ನಲ್ಲಿ ಏನಾದರೂ ಬರೆದು ಸೇವ್ ಮಾಡಿದರೆ ಸೇವ್ ಆಗುತ್ತದೆ, ಮತ್ತೆ ತೆರೆದರೆ ಅವನಿಗೆ ಕಾಣುತ್ತದೆ. ನಮಗ್ಯಾರಿಗೂ ಕಾಣುವುದಿಲ್ಲ. ಹೆಸರು ಅದೇ, ಫೋಲ್ಡರ್ ಅದೇ.

ಎಫ್5 ಒತ್ತಿದ್ದೇವೆ, ರೀಸ್ಟಾರ್ಟ್ ಮಾಡಿದ್ದೇವೆ. 20ನೇ ತಾರೀಖಿನೊಳಗೆ 3ಬಿ (ತಿಂಗಳ ಜಿಎಸ್‌ಟಿ ರಿಟರ್ನ್) ಹಾಕಬೇಕು. ದಯವಿಟ್ಟು ಯಾರಾದರೂ ದಾರಿ ತೋರಿಸಿ.

ಎಫ್5 ಭಕ್ತ · 10:52

ಲ್ಯಾಪ್‌ಟಾಪ್ ಫಾರ್ಮ್ಯಾಟ್ ಹೊಡೆದು ಬಿಡಿ ಮೇಡಂ. ಅರ್ಧ ದಿನದ ಕೆಲಸ. ಕಾರಣ ಹುಡುಕುತ್ತಾ ಕೂತರೆ 20 ದಾಟುತ್ತದೆ.

ರಿಜಿಸ್ಟ್ರಿ ರಂಗ · 11:05

ಫಾರ್ಮ್ಯಾಟ್ ಎಲ್ಲ ಬೇಡ. ಇದು ಎಸ್‌ಎಂಬಿ ಕ್ಯಾಶ್, ಅಂದರೆ ಶೇರ್ ಫೋಲ್ಡರಿನ ಮಾಹಿತಿಯನ್ನು ವಿಂಡೋಸ್ ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುವುದು. ವಿಸ್ಟಾ ಬಂದಾಗಿನಿಂದ ಇದೆ. ರಿಜಿಸ್ಟ್ರಿಯಲ್ಲಿ ಲ್ಯಾನ್‌ಮ್ಯಾನ್‌ವರ್ಕ್‌ಸ್ಟೇಷನ್ ಕೆಳಗಿನ ಪ್ಯಾರಾಮೀಟರ್ಸ್‌ಗೆ ಹೋಗಿ, ಮೂರು ಡಿವರ್ಡ್ (ಅಂಕಿ ಕೊಡುವ ಸೆಟ್ಟಿಂಗ್) ಹಾಕಿ: ಡೈರೆಕ್ಟರಿಕ್ಯಾಶ್‌ಲೈಫ್‌ಟೈಮ್, ಫೈಲ್‌ಇನ್ಫೋಕ್ಯಾಶ್‌ಲೈಫ್‌ಟೈಮ್, ಫೈಲ್‌ನಾಟ್‌ಫೌಂಡ್‌ಕ್ಯಾಶ್‌ಲೈಫ್‌ಟೈಮ್. ಮೂರಕ್ಕೂ 0 ಕೊಡಿ. ರೀಸ್ಟಾರ್ಟ್. ಮುಗೀತು. ಹುಡುಕಿದರೆ ಎಲ್ಲ ಕಡೆ ಇದೇ ಉತ್ತರ ಸಿಗುತ್ತದೆ.

ಕೇಬಲ್ ಎಳೆದವ (ತುಮಕೂರು) · 11:31

ಅಕ್ಕ, ಸದ್ಯಕ್ಕೆ ಎರಡೂ ಮಾಡಬೇಡಿ. ಅದರಲ್ಲೂ ಫಾರ್ಮ್ಯಾಟ್ ಮಾತ್ರ ಖಂಡಿತ ಬೇಡ. ಆ ಹುಡುಗ ಸೋಮವಾರದಿಂದ ಸೇವ್ ಮಾಡಿದ್ದೆಲ್ಲ ಎಲ್ಲಿಗೆ ಹೋಗಿದೆ ಅಂತ ಇನ್ನೂ ಗೊತ್ತಿಲ್ಲ. ಅದು ಆ ಲ್ಯಾಪ್‌ಟಾಪ್‌ನಲ್ಲೇ ಕೂತಿರಬಹುದು. ಫಾರ್ಮ್ಯಾಟ್ ಹೊಡೆದರೆ ಅವನ ಮೂರು ದಿನದ ಕೆಲಸ ಹೋಯಿತು ಅಂತಲೇ ಲೆಕ್ಕ.

ರಂಗ ಅವರು ಹೇಳಿದ ಮೂರು ಕ್ಯಾಶ್ ಇರುವುದು ನಿಜ. ಆದರೆ ಅವುಗಳ ಡೀಫಾಲ್ಟ್ ಆಯಸ್ಸು ನೋಡಿ. ಡೈರೆಕ್ಟರಿಯದು 10 ಸೆಕೆಂಡ್. ಫೈಲ್ ಮಾಹಿತಿಯದು 10 ಸೆಕೆಂಡ್. "ಈ ಫೈಲ್ ಇಲ್ಲ" ಅಂತ ನೆನಪಿಟ್ಟುಕೊಳ್ಳುವುದು 5 ಸೆಕೆಂಡ್. ಹತ್ತು ಸೆಕೆಂಡಿನ ಕ್ಯಾಶ್ ಸೋಮವಾರದ ಫೈಲನ್ನು ಗುರುವಾರ ತೋರಿಸಲು ಹೇಗೆ ಸಾಧ್ಯ? ಮೇಲಾಗಿ ಅವರು ರೀಸ್ಟಾರ್ಟ್ ಕೂಡ ಮಾಡಿದ್ದಾರೆ. ಆ ಕ್ಯಾಶ್ ಇರುವುದು ಮೆಮೊರಿಯಲ್ಲಿ, ರೀಸ್ಟಾರ್ಟ್ ಆದಮೇಲೆ ಉಳಿಯುವುದಿಲ್ಲ.

ಶೇರ್ ಡ್ರೈವ್‌ನಲ್ಲಿ ಹಳೇ ಫೈಲ್ ಅಂತ ಯಾರು ಕರೆದರೂ ನಾನು ಮೊದಲು ಕೇಳುವುದು ಒಂದೇ: ಎಷ್ಟು ಹಳೇದು? ಸೆಕೆಂಡುಗಳಷ್ಟು ಹಿಂದೆ ಬಿದ್ದಿದ್ದರೆ ರಂಗ ಅವರ ಕ್ಯಾಶ್. ಗಂಟೆಗಳು, ಒಂದೆರಡು ದಿನ ಅಂದರೆ ಎಲ್ಲೋ ಒಂದು ನಕಲು ಇದೆ, ಅದು ಸಿಂಕ್ ಆಗುತ್ತಿಲ್ಲ, ಅಂದರೆ ಸರ್ವರ್ ಜೊತೆ ಸರಿಹೊಂದುತ್ತಿಲ್ಲ. ತಿಂಗಳುಗಟ್ಟಲೆ ಹಳೇದಾದರೆ ನೀವು ನೋಡುತ್ತಿರುವ ಸರ್ವರ್ರೇ ಬೇರೆ. ವಯಸ್ಸು ಗೊತ್ತಾಗದೆ ಔಷಧಿ ಕೊಡಬಾರದು.

ಆ ಲ್ಯಾಪ್‌ಟಾಪ್‌ನಲ್ಲಿ ಇಷ್ಟು ನೋಡಿ ಹೇಳಿ. ಕಮಾಂಡ್ ಪ್ರಾಂಪ್ಟ್ ತೆರೆದು 'ನೆಟ್ ಯೂಸ್' ಅಂತ ಟೈಪ್ ಮಾಡಿ. ಝೆಡ್ ಎದುರಿಗೆ ಯಾವ ಸರ್ವರ್ ಹೆಸರಿದೆ? ನಿಮ್ಮ ಮೆಷಿನ್‌ನಲ್ಲೂ ಅದೇ ಇದೆಯಾ? ಆಮೇಲೆ ಅವನು ಝೆಡ್‌ನಲ್ಲಿ ಒಂದು ಹೊಸ ನೋಟ್‌ಪ್ಯಾಡ್ ಫೈಲ್ ಮಾಡಲಿ. ನಿಮಗೆ ಕಾಣುತ್ತಾ? ಕೊನೆಗೆ ಎಕ್ಸ್‌ಪ್ಲೋರರ್‌ನಲ್ಲಿ ಆ ಫೈಲ್ ಮೇಲೆ ಒಮ್ಮೆ ಕ್ಲಿಕ್ ಮಾಡಿ, ಕೆಳಗಿನ ಪಟ್ಟಿಯಲ್ಲೋ ಡೀಟೇಲ್ಸ್ ಪೇನ್‌ನಲ್ಲೋ ಆಫ್‌ಲೈನ್ ಅನ್ನುವ ಮಾತು ಏನಾದರೂ ಇದೆಯಾ ನೋಡಿ.

ರಿಜಿಸ್ಟ್ರಿ ರಂಗ · 11:48

ನಾನು ಸುಮ್ನೆ ಹೇಳಿದ್ದಲ್ಲ ಗುರು. ನಮ್ಮ ಗೋಡೌನ್‌ನಲ್ಲಿ ಒಂದು ಪ್ರೋಗ್ರಾಂ ಶೇರ್ ಫೋಲ್ಡರ್‌ನಲ್ಲಿ ಫೈಲ್ ಬಂತಾ ಅಂತ ಪ್ರತಿ ಸೆಕೆಂಡ್ ನೋಡುತ್ತಿರುತ್ತದೆ. ಇನ್ನೊಂದು ಮೆಷಿನ್ ಅಲ್ಲಿ ಫೈಲ್ ಇಡುತ್ತದೆ. ಫೈಲ್ ಬಂದಿದ್ದರೂ ಈ ಕಡೆ "ಇಲ್ಲ, ಇಲ್ಲ" ಅನ್ನುತ್ತಿತ್ತು. ಮೂರನ್ನೂ 0 ಮಾಡಿದ ಮೇಲೆ ಸರಿಹೋಯಿತು.

ಕೇಬಲ್ ಎಳೆದವ · 11:55

ನಿಮ್ಮ ಕೇಸ್‌ಗೆ ಅದೇ ಸರಿ ಔಷಧಿ, ಅದರಲ್ಲಿ ಎರಡು ಮಾತಿಲ್ಲ. ಅದು 5 ಸೆಕೆಂಡಿನ ಕಾಯಿಲೆ. ಪ್ರೋಗ್ರಾಂ ಮೊದಲು ಕೇಳಿದಾಗ ಫೈಲ್ ಇರಲಿಲ್ಲ, ಆ "ಇಲ್ಲ" ಅನ್ನುವುದನ್ನೇ ವಿಂಡೋಸ್ ಐದು ಸೆಕೆಂಡ್ ಹಿಡಿದಿಟ್ಟುಕೊಂಡಿತು. ಪವರ್‌ಶೆಲ್‌ನ ಸೆಟ್-ಎಸ್‌ಎಂಬಿಕ್ಲೈಂಟ್‌ಕಾನ್ಫಿಗರೇಷನ್‌ನಿಂದಲೂ ಇದನ್ನು ಬದಲಿಸಬಹುದು, ರಿಜಿಸ್ಟ್ರಿಗೆ ಕೈ ಹಾಕಬೇಕಿಲ್ಲ. ಆದರೆ ಸಾವಿರಾರು ಫೈಲ್ ಇರುವ ಫೋಲ್ಡರ್ ಆದರೆ 0 ಮಾಡಿದ ಮೇಲೆ ಎಕ್ಸ್‌ಪ್ಲೋರರ್ ನಿಧಾನ ಆಗುತ್ತದೆ. ಪ್ರತಿ ಸಲವೂ ಸರ್ವರ್‌ಗೆ ಹೋಗಿ ಕೇಳಬೇಕಲ್ವಾ. ಅದಕ್ಕೇ ಎಲ್ಲ ಮೆಷಿನ್‌ಗೂ ಹಾಕಬೇಡಿ ಅನ್ನುವುದು.

ಹಳೇ ಡಬ್ಬ (ಶಿವಮೊಗ್ಗ) · 12:20

ತಿಂಗಳುಗಟ್ಟಲೆ ಹಳೇ ಫೈಲ್ ಅಂದದ್ದಕ್ಕೆ ನಮ್ಮ ಕಥೆ ಹೇಳುತ್ತೇನೆ. ನಮ್ಮಲ್ಲಿ ಹಳೇ ನ್ಯಾಸ್ ಬಾಕ್ಸ್ (ನೆಟ್‌ವರ್ಕ್‌ಗೆ ಹಾಕುವ ಡಿಸ್ಕ್ ಡಬ್ಬ) ತೆಗೆದು ಹೊಸ ಸರ್ವರ್ ತಂದರು. ಡೇಟಾ ಎಲ್ಲ ಹೊಸದಕ್ಕೆ ಹೋಯಿತು. ಹಳೇದನ್ನು "ಬ್ಯಾಕಪ್‌ಗೆ ಇರಲಿ" ಅಂತ ಆಫ್ ಮಾಡದೆ ಹಾಗೇ ಬಿಟ್ಟರು. ಹೊಸ ಸರ್ವರ್‌ಗೆ ಹಳೇದರ ಹೆಸರನ್ನೇ ಕೊಟ್ಟಿದ್ದರಿಂದ ಹೆಚ್ಚಿನವರಿಗೆ ಏನೂ ಗೊತ್ತಾಗಲಿಲ್ಲ. ಆದರೆ ಸ್ಟೋರ್ಸ್‌ನಲ್ಲಿದ್ದ ಎರಡು ಮೆಷಿನ್‌ಗೆ ಯಾವುದೋ ಕಾಲದಲ್ಲಿ ಡ್ರೈವನ್ನು ಹೆಸರಿನ ಬದಲು ಐಪಿ ನಂಬರ್ ಹಾಕಿ ಮ್ಯಾಪ್ ಮಾಡಿದ್ದರು. ಅವು ಹಳೇ ಡಬ್ಬದಲ್ಲೇ ಓದುತ್ತಾ ಬರೆಯುತ್ತಾ ಇದ್ದವು! ಸ್ಟಾಕ್ ತಾಳೆ ಆಗದೆ ಜಗಳ ಆದಮೇಲೆ ಬೆಳಕಿಗೆ ಬಂತು.

ಸರ್ವರ್ ಬದಲಿಸಿದ ಯಾರೇ ಆಗಲಿ, ಹಳೇದನ್ನು ಇಟ್ಟುಕೊಳ್ಳಬೇಕು ಅಂದರೆ ಇಟ್ಟುಕೊಳ್ಳಿ, ಆದರೆ ಶೇರನ್ನು ರೀಡ್ ಓನ್ಲಿ ಮಾಡಿ. ಸೇವ್ ಮಾಡಲು ಹೋದವನಿಗೆ ಎರರ್ ಬರುತ್ತದೆ, ಅವನೇ ಕೂಗುತ್ತಾನೆ. ಡೆಸ್ಕ್‌ಟಾಪ್ ಮೇಲಿನ ಶಾರ್ಟ್‌ಕಟ್‌ಗಳನ್ನೂ ಹೋಸ್ಟ್ಸ್ ಫೈಲನ್ನೂ (ಯಾವ ಹೆಸರಿಗೆ ಯಾವ ಐಪಿ ಅಂತ ಮೆಷಿನ್‌ನಲ್ಲೇ ಬರೆದಿಡುವ ಪಟ್ಟಿ) ನೋಡಿ. ನೆಟ್ ಯೂಸ್‌ನಲ್ಲಿ ಎಲ್ಲ ಸರಿ ಇದ್ದರೂ ಜನ ತೆರೆಯುವುದು ಶಾರ್ಟ್‌ಕಟ್‌ನಿಂದ, ಅದು ಬೇರೆ ಕಡೆ ತೋರಿಸುತ್ತಿರಬಹುದು.

ಪಿವಟ್ ಪುಟ್ಟ · 12:41

ಫೈಲ್ ಹೊಸದೇ ಆಗಿದ್ದು ಒಳಗಿನ ಅಂಕಿ ಮಾತ್ರ ಹಳೇದಾಗಿರುವುದೂ ಉಂಟು. ಎಕ್ಸೆಲ್ ಆದ್ದರಿಂದ ಹೇಳಿದೆ. ಒಂದು ಶೀಟ್ ಇನ್ನೊಂದು ವರ್ಕ್‌ಬುಕ್‌ನಿಂದ ಅಂಕಿ ಎಳೆಯುತ್ತಿದ್ದರೆ, ಕೊನೇ ಸಲ ಎಳೆದದ್ದನ್ನು ತನ್ನಲ್ಲೇ ಇಟ್ಟುಕೊಂಡಿರುತ್ತದೆ. ತೆರೆಯುವಾಗ ಲಿಂಕ್ ಅಪ್‌ಡೇಟ್ ಮಾಡಲಾ ಅಂತ ಕೇಳುತ್ತದೆ. ಹೆಚ್ಚಿನವರು ಓದದೆ ಬೇಡ ಅಂತ ಒತ್ತಿ ಮುಂದೆ ಹೋಗುತ್ತಾರೆ. ಆಗ ಪಕ್ಕದವನಿಗೊಂದು ಅಂಕಿ, ಇವನಿಗೊಂದು ಅಂಕಿ.

ಇನ್ನೊಂದು, ಕ್ಯಾಲ್ಕುಲೇಷನ್ ಮ್ಯಾನ್ಯುಯಲ್ ಆಗಿರುವುದು. ಎಕ್ಸೆಲ್ ಶುರು ಮಾಡಿ ಮೊದಲು ಯಾವ ವರ್ಕ್‌ಬುಕ್ ತೆರೆಯುತ್ತೀರೋ ಅದರ ಮೋಡ್ ಆಮೇಲೆ ತೆರೆದವಕ್ಕೂ ಅಂಟಿಕೊಳ್ಳುತ್ತದೆ. ಯಾರೋ ದೊಡ್ಡ ಫೈಲ್ ನಿಧಾನ ಅಂತ ಮ್ಯಾನ್ಯುಯಲ್ ಮಾಡಿಟ್ಟಿರುತ್ತಾರೆ, ಅದನ್ನು ಮೊದಲು ತೆರೆದವನ ಎಲ್ಲ ಶೀಟೂ ನಿಂತ ಗಡಿಯಾರ. ಮೇಡಂ ಹೇಳಿದ್ದರಲ್ಲಿ ಬಿಲ್‌ಗಳೇ ಕಾಣುತ್ತಿಲ್ಲ ಅಂದಿದ್ದಾರೆ, ಹಾಗಾಗಿ ಇದಿರಲಿಕ್ಕಿಲ್ಲ. ಆದರೂ ಬೇರೆಯವರಿಗೆ ಉಪಯೋಗ ಆಗಲಿ ಅಂತ ಬರೆದೆ.

ಲೆಡ್ಜರ್ ಅಕ್ಕ · ಮಧ್ಯಾಹ್ನ 1:15

ಕೇಬಲ್ ಅಣ್ಣ, ನೋಡಿದೆ. ನೆಟ್ ಯೂಸ್‌ನಲ್ಲಿ ಇಬ್ಬರಿಗೂ ಒಂದೇ ಸರ್ವರ್ ಹೆಸರು. ಅವನು ಮಾಡಿದ ನೋಟ್‌ಪ್ಯಾಡ್ ಫೈಲ್ ನನಗೆ ಕಾಣುತ್ತಿಲ್ಲ, ಸರ್ವರ್‌ನಲ್ಲೇ ಹೋಗಿ ನೋಡಿದರೂ ಇಲ್ಲ. ಕೆಳಗಿನ ಪಟ್ಟಿಯಲ್ಲಿ "ಆಫ್‌ಲೈನ್ (ಸ್ಲೋ ಕನೆಕ್ಷನ್)" ಅಂತ ಇದೆ. ಫೋಲ್ಡರ್ ಐಕಾನ್ ಮೂಲೆಯಲ್ಲಿ ಪುಟ್ಟ ಹಸಿರು ಗುಂಡು ಗುರುತೂ ಇದೆ. ಆದರೆ ಅವನ ಇಂಟರ್ನೆಟ್ ಚೆನ್ನಾಗಿಯೇ ಇದೆ, ಸರ್ವರ್ ಇರುವುದು ಪಕ್ಕದ ರೂಮಿನಲ್ಲಿ. ಸ್ಲೋ ಯಾಕೆ?

ಕೇಬಲ್ ಎಳೆದವ · 1:40

ಸಿಕ್ಕಿತು. ಇದು ಆಫ್‌ಲೈನ್ ಫೈಲ್ಸ್. ವಿಂಡೋಸ್ 2000 ಕಾಲದಿಂದ ಇರುವ ಸೌಲಭ್ಯ. ಹೋಮ್ ಎಡಿಷನ್‌ನಲ್ಲಿ ಇಲ್ಲ, ಪ್ರೊ ಮತ್ತು ಎಂಟರ್‌ಪ್ರೈಸ್‌ನಲ್ಲಿ ಇದೆ. ಶೇರ್ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ "ಆಲ್ವೇಸ್ ಅವೈಲಬಲ್ ಆಫ್‌ಲೈನ್" ಅಂತ ಒತ್ತಿದರೆ, ಅದರ ನಕಲು ಆ ಲ್ಯಾಪ್‌ಟಾಪ್‌ನ ಸಿ ಡ್ರೈವ್‌ನಲ್ಲಿ, ವಿಂಡೋಸ್ ಫೋಲ್ಡರ್‌ನೊಳಗೆ ಸಿಎಸ್‌ಸಿ ಅನ್ನುವ ಬಚ್ಚಿಟ್ಟ ಜಾಗದಲ್ಲಿ ಕೂರುತ್ತದೆ. ಸರ್ವರ್ ಸಿಗದಿದ್ದಾಗ ಅವನು ಝೆಡ್ ತೆರೆದರೆ ಆ ನಕಲೇ ತೆರೆಯುತ್ತದೆ. ಹೆಸರು, ಅಕ್ಷರ, ಐಕಾನ್ ಎಲ್ಲ ಅದೇ. ಗೊತ್ತೇ ಆಗುವುದಿಲ್ಲ.

ಸರ್ವರ್ ಸಿಗದಿದ್ದಾಗ ಮಾತ್ರ ಅಲ್ಲ, ನಿಧಾನ ಅನ್ನಿಸಿದರೂ ಅದು ನಕಲಿಗೆ ಜಾರುತ್ತದೆ. ವಿಂಡೋಸ್ 7ರಲ್ಲಿ ಸರ್ವರ್‌ನಿಂದ ಉತ್ತರ ಬರಲು 80 ಮಿಲಿಸೆಕೆಂಡ್‌ಗಿಂತ ಜಾಸ್ತಿ ಹಿಡಿದರೆ ಸ್ಲೋ ಅಂತ ಲೆಕ್ಕ. ವಿಂಡೋಸ್ 8ರಿಂದ ಈಚೆಗೆ ಅದು 35 ಮಿಲಿಸೆಕೆಂಡ್. ಗೋಡೆಯಾಚೆ ಇರುವ ವೈಫೈಯಲ್ಲಿ ಈ ಗಡಿ ಆಗಾಗ ದಾಟುತ್ತದೆ. ಇಂಟರ್ನೆಟ್ ಸ್ಪೀಡ್‌ಗೂ ಇದಕ್ಕೂ ಸಂಬಂಧ ಇಲ್ಲ.

ನಕಲಿನಲ್ಲಿ ಕೆಲಸ ಮಾಡುವಾಗ ಹಿಂದಿನಿಂದ ಸಿಂಕ್ ಆಗುತ್ತಿರುತ್ತದೆ. ವಿಂಡೋಸ್ 7ರಲ್ಲಿ 6 ಗಂಟೆಗೊಮ್ಮೆ, 8ರಿಂದ ಈಚೆಗೆ 2 ಗಂಟೆಗೊಮ್ಮೆ. ಹಾಗಾದರೆ ಸೋಮವಾರದ್ದೇ ಯಾಕೆ ಉಳಿಯಿತು? ನನ್ನ ಊಹೆ: ಅವನು ತನ್ನ ನಕಲನ್ನು ಬದಲಿಸಿದ, ಆ ಹೊತ್ತಿಗೆ ನಿಮ್ಮಲ್ಲಿ ಯಾರೋ ಸರ್ವರ್‌ನ ಫೈಲನ್ನೂ ಬದಲಿಸಿದರು. ಎರಡೂ ಬದಲಾಗಿದ್ದರೆ ವಿಂಡೋಸ್ ತಾನೇ ತೀರ್ಮಾನ ಮಾಡುವುದಿಲ್ಲ. ಕಾನ್‌ಫ್ಲಿಕ್ಟ್ ಅಂತ ಗುರುತು ಹಾಕಿ, ಯಾರಾದರೂ ಬಂದು ಹೇಳುವವರೆಗೆ ಆ ಫೈಲನ್ನು ಹಾಗೇ ಬಿಟ್ಟಿರುತ್ತದೆ. ನೀವು ಎರಡು ಫೈಲ್ ಇದ್ದ ಹಾಗೆ ಬರೆದಿದ್ದಿರಿ. ಇರುವುದೂ ಎರಡೇ.

ಈಗ ಮಾಡಬೇಕಾದ್ದು. ಆತುರ ಬೇಡ, ಇದೇ ಸಾಲಿನಲ್ಲಿ ಹೋಗಿ. ಮೊದಲು ಅವನ ಲ್ಯಾಪ್‌ಟಾಪ್‌ನಲ್ಲಿ ಝೆಡ್‌ನಿಂದ ಅವನು ಮುಟ್ಟಿದ ಎಲ್ಲ ಫೈಲನ್ನೂ ಡೆಸ್ಕ್‌ಟಾಪ್‌ಗೆ ಕಾಪಿ ಮಾಡಿ, ಬೇರೆ ಹೆಸರು ಕೊಡಿ. ಅವನ ಕೆಲಸ ಉಳಿಯಿತು. ಆಮೇಲೆ ಅದೇ ಲ್ಯಾಪ್‌ಟಾಪ್‌ನಲ್ಲಿ ಸರ್ವರ್ ಹೆಸರಿನ ಬದಲು ಅದರ ಐಪಿ ನಂಬರ್ ಹಾಕಿ ಶೇರ್ ತೆರೆಯಿರಿ. ಆಫ್‌ಲೈನ್ ನಕಲು ಸರ್ವರ್ ಹೆಸರಿಗೆ ಅಂಟಿಕೊಂಡಿರುತ್ತದೆ. ಐಪಿಯಿಂದ ಹೋದರೆ ವಿಂಡೋಸ್‌ಗೆ ಅದು ಬೇರೆ ಸರ್ವರ್, ನೇರ ನಿಜವಾದ ಫೈಲ್ ಸಿಗುತ್ತದೆ. ಪಾಸ್‌ವರ್ಡ್ ಕೇಳಿದರೆ ಕೊಡಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನಿಮಗೇ ಗೊತ್ತಾಗುತ್ತದೆ. ಅದಾದ ಮೇಲೆ ಕಂಟ್ರೋಲ್ ಪ್ಯಾನೆಲ್‌ನ ಸಿಂಕ್ ಸೆಂಟರ್ ತೆರೆದು ಕಾನ್‌ಫ್ಲಿಕ್ಟ್ ಪಟ್ಟಿ ನೋಡಿ. ಅಲ್ಲಿ ಇದು ಇರಲಿ, ಅದು ಇರಲಿ, ಎರಡೂ ಇರಲಿ ಅಂತ ಮೂರು ಆಯ್ಕೆ ಬರುತ್ತದೆ. ಎರಡೂ ಇರಲಿ ಅಂತಲೇ ಒತ್ತಿ.

ಸಿಎಸ್‌ಸಿ ಫೋಲ್ಡರ್‌ಗೆ ಕೈಯಿಂದ ಹೋಗಿ ಡಿಲೀಟ್ ಮಾಡಲು ಹೋಗಬೇಡಿ. ಯಾವ ವಿಡಿಯೋದಲ್ಲಿ ಹೇಳಿದ್ದರೂ ಬೇಡ.

ಎರಡೂರು ಅಡ್ಮಿನ್ (ಹುಬ್ಬಳ್ಳಿ–ಬೆಂಗಳೂರು) · 2:10

ಒಳ್ಳೆ ವಿವರಣೆ ರೀ. ಸ್ಲೋ ಅನ್ನುವುದಕ್ಕೆ ಇನ್ನೊಂದು ಕಾರಣ ಸೇರಿಸುತ್ತೇನೆ. "ಕಾನ್ಫಿಗರ್ ಸ್ಲೋ-ಲಿಂಕ್ ಮೋಡ್" ಅಂತ ಒಂದು ಗ್ರೂಪ್ ಪಾಲಿಸಿ (ಸರ್ವರ್‌ನಿಂದ ಮೆಷಿನ್‌ಗಳಿಗೆ ಹಾಕುವ ನಿಯಮ) ಇದೆ. ಅದರಲ್ಲಿ ಲೇಟೆನ್ಸಿ (ಉತ್ತರ ಬರಲು ಹಿಡಿಯುವ ಮಿಲಿಸೆಕೆಂಡ್) 1 ಅಂತ ಕೊಟ್ಟರೆ ಪಕ್ಕದ ರೂಮಿನ ಸರ್ವರ್ ಕೂಡ ಸ್ಲೋ. ಬೇಕೆಂದೇ ಹಾಗೆ ಕೊಡುತ್ತಾರೆ. ಅದಕ್ಕೆ ಆಲ್ವೇಸ್ ಆಫ್‌ಲೈನ್ ಮೋಡ್ ಅನ್ನುತ್ತಾರೆ. ಯಾವಾಗಲೂ ನಕಲಿನಿಂದಲೇ ಕೆಲಸ, ಹಾಗಾಗಿ ವೇಗ ಜಾಸ್ತಿ ಅನ್ನುವ ಲೆಕ್ಕ. ಲ್ಯಾಪ್‌ಟಾಪ್‌ನಲ್ಲಿ ಜಿಪಿರಿಸಲ್ಟ್ ರಿಪೋರ್ಟ್ ತೆಗೆದು ಈ ಪಾಲಿಸಿ ಇದೆಯಾ ನೋಡ್ರಿ ಅಕ್ಕಾರ.

ಟೆಕ್ಸಾಸ್ ಮಂಡ್ಯ · 2:36

ನಾನು ಅಮೆರಿಕದಿಂದ ಬೆಂಗಳೂರಿನ ಆಫೀಸ್ ಶೇರಿಗೆ ವಿಪಿಎನ್ ಹಾಕಿಕೊಂಡು ಕೆಲಸ ಮಾಡುವವನು. ಅಲ್ಲಿಂದ ಇಲ್ಲಿಗೆ ಹೋಗಿಬರಲು 200 ಮಿಲಿಸೆಕೆಂಡ್ ದಾಟುತ್ತದೆ. 35ರ ಗಡಿ ನನಗೆ ಯಾವತ್ತೂ ಸಿಗುವುದಿಲ್ಲ. ಅಂದರೆ ಆಫ್‌ಲೈನ್ ಫೈಲ್ಸ್ ಆನ್ ಇದ್ದರೆ ನಾನು ಸದಾ ನಕಲಿನಲ್ಲೇ. ಮೇಲಿಂದ ಮೇಲೆ "ನೀನು ಕಳಿಸಿದ್ದು ಹಳೇದು" ಅನ್ನಿಸಿಕೊಂಡ ಮೇಲೆ ಆ ಶೇರಿಗೆ ಅದನ್ನು ಆಫ್ ಮಾಡಿಸಿದೆ. ಈಗ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಅಲ್ಲಿನ ಮೆಷಿನ್‌ಗೇ ಹೋಗಿ ಕೆಲಸ. ಫೈಲ್ ಅಲ್ಲೇ ಇರುತ್ತದೆ, ಪರದೆ ಮಾತ್ರ ಇಲ್ಲಿ.

ಬ್ಯಾಟರಿ ಬಸ್ಯಾ · 2:58

ಎಲ್ಲರೂ ಸೇರಿ ಆಫ್‌ಲೈನ್ ಫೈಲ್ಸನ್ನು ಬೈಯ್ಯುತ್ತಿದ್ದೀರಿ. ನಮ್ಮೂರಲ್ಲಿ ಮಧ್ಯಾಹ್ನ ಕರೆಂಟ್ ಹೋದರೆ ಸರ್ವರ್ ಯುಪಿಎಸ್ ಎಷ್ಟು ಹೊತ್ತು ತಡೆಯುತ್ತದೋ ಅಷ್ಟೇ. ಲ್ಯಾಪ್‌ಟಾಪ್‌ನವರು ಆಗಲೂ ಕೆಲಸ ಮಾಡುತ್ತಿರುತ್ತಾರೆ, ಕರೆಂಟ್ ಬಂದಮೇಲೆ ಎಲ್ಲ ಸರ್ವರ್‌ಗೆ ಹೋಗುತ್ತದೆ. ಇಲ್ಲದಿದ್ದರೆ ಇಡೀ ಆಫೀಸ್ ಚಹಾ ಕುಡಿಯುತ್ತಾ ಕೂರಬೇಕು.

ಕೇಬಲ್ ಎಳೆದವ · 3:12

ಬಸ್ಯಾ ಹೇಳಿದ್ದರಲ್ಲಿ ಅರ್ಧ ಒಪ್ಪುತ್ತೇನೆ. ಒಬ್ಬನೇ ಮುಟ್ಟುವ ಫೋಲ್ಡರ್ ಆದರೆ, ಅವನ ಡಾಕ್ಯುಮೆಂಟ್ಸ್ ಸರ್ವರ್‌ನಲ್ಲಿದ್ದರೆ, ಇದಕ್ಕಿಂತ ಒಳ್ಳೇದಿಲ್ಲ. ಜಗಳಕ್ಕೆ ಇನ್ನೊಬ್ಬನೇ ಇಲ್ಲವಲ್ಲ. ನಾಲ್ಕು ಜನ ಕೈಹಾಕುವ ಎಕ್ಸೆಲ್‌ಗೆ ಇದನ್ನು ಹಾಕುವುದೇ ತಪ್ಪು. ಮಾಮೂಲಿನಲ್ಲಿ ಒಬ್ಬರು ಶೀಟ್ ತೆರೆದಿದ್ದರೆ ಇನ್ನೊಬ್ಬರಿಗೆ "ಲಾಕ್ ಆಗಿದೆ, ರೀಡ್ ಓನ್ಲಿ ತೆರೆಯಲಾ" ಅಂತ ಬರುತ್ತದೆ. ನಕಲಿನಲ್ಲಿ ತೆರೆದಾಗ ಆ ಲಾಕ್ ಸರ್ವರ್‌ಗೆ ತಲುಪುವುದೇ ಇಲ್ಲ. ಇಬ್ಬರೂ ಧೈರ್ಯವಾಗಿ ಬರೆಯುತ್ತಾರೆ.

ಸೈಟ್ ಎಂಜಿನಿಯರ್ · 3:30

ಇದೇ ಥರದ್ದು ನಮ್ಮದೂ ಒಂದು. ನಮಗೆ ಎರಡು ಊರಲ್ಲಿ ಆಫೀಸ್. ಎರಡೂ ಕಡೆ ಸರ್ವರ್, ಎರಡೂ ತಾವೇ ಒಂದಕ್ಕೊಂದು ಕಾಪಿ ಆಗುತ್ತವೆ. ಆದರೆ ಬೆಳಿಗ್ಗೆ ಅಲ್ಲಿ ತಿದ್ದಿದ ಡ್ರಾಯಿಂಗ್ ಸಂಜೆಯಾದರೂ ಇಲ್ಲಿಗೆ ಬಂದಿರುವುದಿಲ್ಲ. ಕ್ಯಾಡ್‌ನ ಬ್ಯಾಕ್ ಫೈಲ್‌ಗಳಂತೂ ಒಂದೂ ಬರುವುದಿಲ್ಲ. ಆಫ್‌ಲೈನ್ ಅಂತ ಎಲ್ಲೂ ತೋರಿಸುತ್ತಿಲ್ಲ.

ಎರಡೂರು ಅಡ್ಮಿನ್ · 3:55

ಅದು ಡಿಎಫ್‌ಎಸ್ ರೆಪ್ಲಿಕೇಷನ್ (ಸರ್ವರ್‌ಗಳ ನಡುವೆ ಫೈಲ್ ಕಾಪಿ ಮಾಡುವ ವಿಂಡೋಸ್ ಸೌಲಭ್ಯ) ಇರಬೇಕು, ನನ್ನ ದಿನದ ಊಟ. ಡಿಎಫ್‌ಎಸ್ ಫೈಲನ್ನು ಮುಚ್ಚುವವರೆಗೆ ಕಳಿಸುವುದಿಲ್ಲ. ನಿಮ್ಮವರು ಬೆಳಿಗ್ಗೆ ಡ್ರಾಯಿಂಗ್ ತೆರೆದು ಸಂಜೆ ಮನೆಗೆ ಹೋಗುವಾಗ ಮುಚ್ಚಿದರೆ, ನಡುವೆ ಎಷ್ಟು ಸಲ ಸೇವ್ ಮಾಡಿದ್ದರೂ ಆಚೆ ಊರಿಗೆ ಬರುವುದು ಸಂಜೆಯೇ. ಬ್ಯಾಕ್ ಫೈಲ್ ಯಾಕೆ ಬರುವುದಿಲ್ಲ ಅಂದರೆ, ಡೀಫಾಲ್ಟ್ ಆಗಿಯೇ ಡಾಟ್ ಬಿಎಕೆ, ಡಾಟ್ ಟಿಎಂಪಿ, ಆಮೇಲೆ ಟಿಲ್ಡೆಯಿಂದ (~) ಶುರುವಾಗುವ ಹೆಸರುಗಳನ್ನು ಅದು ಸೋಸಿಬಿಡುತ್ತದೆ. ಕ್ಯಾಡ್‌ನವರಿಗೆ ಬಿಎಕೆ ಬೇಕಾದ ಫೈಲ್, ಡಿಎಫ್‌ಎಸ್‌ಗೆ ಅದು ಕಸ. ಬೇಕಿದ್ದರೆ ಫಿಲ್ಟರ್ ಬದಲಿಸಬಹುದು.

ನೀವು ಯಾವ ಊರಿನ ಸರ್ವರ್ ನೋಡುತ್ತಿದ್ದೀರಿ ಅಂತ ತಿಳಿಯಬೇಕಾ? ಫೋಲ್ಡರ್ ಪ್ರಾಪರ್ಟೀಸ್‌ನಲ್ಲಿ ಡಿಎಫ್‌ಎಸ್ ಅನ್ನುವ ಟ್ಯಾಬ್ ಇರುತ್ತದೆ, ಅಲ್ಲಿ ಯಾವುದು ಆ್ಯಕ್ಟಿವ್ ಅಂತ ಬರೆದಿರುತ್ತದೆ. ಬೆಂಗಳೂರಲ್ಲಿ ಕೂತವನು ಒಮ್ಮೊಮ್ಮೆ ಹುಬ್ಬಳ್ಳಿ ಸರ್ವರ್ ಓದುತ್ತಿರುತ್ತಾನೆ. ಇಲ್ಲಿನ ಸರ್ವರ್ ಒಂದು ಗಳಿಗೆ ಕೈಕೊಟ್ಟಿದ್ದರೆ ಆಚೆಯದಕ್ಕೆ ಹೋಗಿ, ಅಲ್ಲೇ ಉಳಿದಿರುತ್ತಾನೆ. ಫೋಲ್ಡರಿನ ಈ ವಿಳಾಸವನ್ನು ಕ್ಲೈಂಟ್ ಮಾಮೂಲಾಗಿ 1800 ಸೆಕೆಂಡ್, ಅಂದರೆ ಅರ್ಧ ಗಂಟೆ ನೆನಪಿಟ್ಟುಕೊಳ್ಳುತ್ತದೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದು. ಎರಡು ಊರಿನ ನಡುವೆ ಲಾಕ್ ಇಲ್ಲ. ಇಬ್ಬರೂ ಒಂದೇ ಡ್ರಾಯಿಂಗ್ ತಿದ್ದಿದರೆ ಕೊನೆಗೆ ಬರೆದವನದು ಉಳಿಯುತ್ತದೆ. ಸೋತವನ ಫೈಲ್ ಡಿಎಫ್‌ಎಸ್‌ಆರ್‌ಪ್ರೈವೇಟ್ ಅನ್ನುವ ಬಚ್ಚಿಟ್ಟ ಫೋಲ್ಡರ್‌ನಲ್ಲಿ, ಕಾನ್‌ಫ್ಲಿಕ್ಟ್ ಆ್ಯಂಡ್ ಡಿಲೀಟೆಡ್ ಒಳಗೆ ಹೋಗಿ ಬೀಳುತ್ತದೆ. ಆ ಜಾಗಕ್ಕೂ ಮಿತಿ ಇದೆ, ತುಂಬಿದರೆ ಹಳೇದು ಅಳಿಯುತ್ತದೆ. ಯಾರಿಗೂ ಮೆಸೇಜ್ ಬರುವುದಿಲ್ಲ. ಅದಕ್ಕೆ ನಾನು ಎರಡರಲ್ಲಿ ಒಂದು ಊರಿನ ಟಾರ್ಗೆಟ್ ಮಾತ್ರ ಆನ್ ಇಟ್ಟಿದ್ದೇನೆ. ಇನ್ನೊಂದು ಬ್ಯಾಕಪ್‌ಗೆ ಸುಮ್ಮನೆ ಕೂತಿದೆ. ನಿಧಾನ ಅಂತ ಬೈಯ್ಯುತ್ತಾರೆ, ಬೈಯ್ಯಲಿ.

ಸೈಟ್ ಎಂಜಿನಿಯರ್ · 4:05

ಡಿಎಫ್‌ಎಸ್ ಟ್ಯಾಬ್ ನೋಡಿದೆ ಸರ್. ನಾವು ಮೂರು ಜನ ಆಚೆ ಊರಿನದ್ದೇ ಓದುತ್ತಿದ್ದೇವೆ! ಐಟಿಯವರಿಗೆ ಸ್ಕ್ರೀನ್‌ಶಾಟ್ ಕಳಿಸಿದೆ.

ಕುಡ್ಲದ ಪ್ರೆಸ್ · 4:22

ನಮ್ಮದು ಮಂಗಳೂರಿನಲ್ಲಿ ಪ್ರಿಂಟಿಂಗ್ ಪ್ರೆಸ್. ಸರ್ವರ್ ಲಿನಕ್ಸ್, ಮೇಲೆ ಸಾಂಬಾ (ಲಿನಕ್ಸ್ ಫೋಲ್ಡರನ್ನು ವಿಂಡೋಸ್‌ನವರಿಗೆ ಶೇರ್ ಮಾಡುವ ಪ್ರೋಗ್ರಾಂ). ವಿಂಡೋಸ್‌ನವರು ಸಾಂಬಾದಿಂದ ಬರುತ್ತಾರೆ. ಪ್ಲೇಟ್ ಮಾಡುವ ಮೆಷಿನ್‌ಗೆ ಫೈಲ್ ತಯಾರು ಮಾಡುವ ಒಂದು ಸ್ಕ್ರಿಪ್ಟ್ ಸರ್ವರ್‌ನ ಒಳಗೇ ಓಡುತ್ತದೆ. ಸ್ಕ್ರಿಪ್ಟ್ ಹೊಸ ಪಿಡಿಎಫ್ ಬರೆದರೂ ಒಬ್ಬ ಡಿಸೈನರ್‌ಗೆ ಹಳೇ ಪುಟ ತೋರಿಸುತ್ತಿತ್ತು ಮಾರಾಯ್ರೆ. ಅವರು ಫೈಲ್ ಮುಚ್ಚಿ ತೆರೆದರೂ ಒಮ್ಮೊಮ್ಮೆ ಅದೇ. ಇದರದ್ದೇನು ಕಥೆ?

ಕೇಬಲ್ ಎಳೆದವ · 4:48

ಇದು ಆಪ್‌ಲಾಕ್ ಕಥೆ ಇರಬೇಕು. ಒಬ್ಬನೇ ಫೈಲ್ ತೆರೆದಿದ್ದಾಗ ಸರ್ವರ್ ಅವನಿಗೆ "ಸದ್ಯಕ್ಕೆ ನೀನೊಬ್ಬನೇ, ನಿನ್ನ ಹತ್ತಿರವೇ ಇಟ್ಟುಕೊಂಡು ಓದು ಬರೆ" ಅಂತ ಅನುಮತಿ ಕೊಡುತ್ತದೆ. ಎಸ್‌ಎಂಬಿ 2.1ರಿಂದ, ಅಂದರೆ ವಿಂಡೋಸ್ 7 ಕಾಲದಿಂದ, ಇದರ ಸುಧಾರಿಸಿದ ರೂಪಕ್ಕೆ ಲೀಸ್ ಅನ್ನುತ್ತಾರೆ. ಇನ್ನೊಬ್ಬರು ಸಾಂಬಾ ಮೂಲಕ ಅದೇ ಫೈಲ್ ಕೇಳಿದರೆ ಸರ್ವರ್ ಆ ಅನುಮತಿ ವಾಪಸ್ ತೆಗೆದುಕೊಳ್ಳುತ್ತದೆ. ಆದರೆ ನಿಮ್ಮ ಸ್ಕ್ರಿಪ್ಟ್ ಸಾಂಬಾ ಬಾಗಿಲಿನಿಂದ ಬರುತ್ತಿಲ್ಲ, ನೇರ ಡಿಸ್ಕಿಗೆ ಬರೆಯುತ್ತಿದೆ. ಸಾಂಬಾಗೆ ಸುದ್ದಿಯೇ ಇಲ್ಲ. ಡಿಸೈನರ್ ತನ್ನ ಹತ್ತಿರ ಇರುವುದನ್ನೇ ಓದುತ್ತಾರೆ. ಒಂದೇ ಫೋಲ್ಡರನ್ನು ಸಾಂಬಾದಲ್ಲೂ ಎನ್‌ಎಫ್‌ಎಸ್‌ನಲ್ಲೂ (ಲಿನಕ್ಸ್‌ನವರ ಶೇರ್ ಪದ್ಧತಿ) ಕೊಟ್ಟಿದ್ದರೂ ಇದೇ ಪಾಡು.

ಸುಲಭ ದಾರಿ ಅಂದರೆ ಆ ಒಂದು ಶೇರಿಗೆ ಮಾತ್ರ ಸಾಂಬಾ ಕಾನ್ಫಿಗರೇಷನ್‌ನಲ್ಲಿ ಆಪ್‌ಲಾಕ್ಸ್ ನೋ, ಲೆವೆಲ್2 ಆಪ್‌ಲಾಕ್ಸ್ ನೋ ಅಂತ ಹಾಕಿ. ಕರ್ನಲ್ ಆಪ್‌ಲಾಕ್ಸ್ ಅಂತಲೂ ಇದೆ, ಲಿನಕ್ಸ್ ಒಳಗಿನ ಬದಲಾವಣೆಯನ್ನೂ ಸಾಂಬಾಗೆ ತಿಳಿಸುತ್ತದೆ. ಇಡೀ ಸರ್ವರ್‌ಗೆ ಆಪ್‌ಲಾಕ್ ಆಫ್ ಮಾಡಬೇಡಿ, ದೊಡ್ಡ ಫೈಲ್‌ಗಳು ತೆವಳುತ್ತವೆ. ಆಫ್‌ಲೈನ್ ಫೈಲ್ಸ್ ಬೇಡ ಅಂದರೆ ಸಾಂಬಾದಲ್ಲಿ ಸಿಎಸ್‌ಸಿ ಪಾಲಿಸಿ ಡಿಸೇಬಲ್ ಅಂತ ಒಂದೇ ಸಾಲು ಸಾಕು.

ಲಿನಕ್ಸ್ ಮೆಷಿನ್‌ಗಳು ಎನ್‌ಎಫ್‌ಎಸ್ ಹಾಕಿಕೊಂಡಿದ್ದರೆ ಅಲ್ಲಿಯೂ ಸ್ವಲ್ಪ ವಿಳಂಬ ಇದ್ದದ್ದೇ. ಫೈಲ್ ವಿವರಗಳನ್ನು 3ರಿಂದ 60 ಸೆಕೆಂಡ್, ಡೈರೆಕ್ಟರಿ ವಿವರಗಳನ್ನು 30ರಿಂದ 60 ಸೆಕೆಂಡ್ ಇಟ್ಟುಕೊಳ್ಳುತ್ತದೆ. ಒಂದು ನಿಮಿಷದೊಳಗೆ ತಾನೇ ಸರಿಹೋಗುವ ಹಳೇತನ ಅಂದರೆ ಇದೇ.

ಕುಡ್ಲದ ಪ್ರೆಸ್ · 5:30

ಆಪ್‌ಲಾಕ್ ತೆಗೆದೆವು. ಹತ್ತಾರು ಪುಟ ಬದಲಿಸಿ ನೋಡಿದೆವು, ಎಲ್ಲ ಹೊಸದೇ ಬರುತ್ತಿದೆ. ಭಾರೀ ಉಪಕಾರ ಆಯ್ತು.

ಲ್ಯಾಬ್ ಮೇಷ್ಟ್ರು · ಶುಕ್ರವಾರ ಬೆಳಿಗ್ಗೆ 9:15

ಗಡಿಯಾರದ ವಿಷಯ ಯಾರೂ ಹೇಳಲಿಲ್ಲ. ನಮ್ಮ ಲ್ಯಾಬ್‌ನಲ್ಲಿ ನ್ಯಾಸ್‌ನಿಂದ ಇನ್ನೊಂದು ಮೆಷಿನ್‌ಗೆ ರಾತ್ರಿ ರೋಬೋಕಾಪಿ (ವಿಂಡೋಸ್‌ನ ಕಾಪಿ ಕಮಾಂಡ್) ಓಡುತ್ತದೆ, /ಎಕ್ಸ್‌ಒ ಹಾಕಿ. ಅಂದರೆ ಮೂಲದ ಫೈಲ್ ಹಳೇದಾಗಿದ್ದರೆ ಬಿಟ್ಟುಬಿಡು ಅಂತ. ನ್ಯಾಸ್‌ನ ಒಳಗಿನ ಬ್ಯಾಟರಿ ಸತ್ತು ತಾರೀಖು ವರ್ಷಗಟ್ಟಲೆ ಹಿಂದಕ್ಕೆ ಹೋಗಿತ್ತು. ಇವತ್ತು ಸೇವ್ ಮಾಡಿದ ಫೈಲಿಗೂ ಹಳೇ ತಾರೀಖು ಬೀಳುತ್ತಿತ್ತು. ಆಚೆ ಕಡೆ ಆಗಲೇ ಕಾಪಿ ಇದ್ದು ಇಲ್ಲಿ ತಿದ್ದಿದ ಎಲ್ಲ ಫೈಲನ್ನೂ ರೋಬೋಕಾಪಿ ನಂಬಿಕೆಯಿಂದ ಬಿಟ್ಟುಬಿಡುತ್ತಿತ್ತು. ಲಾಗ್‌ನಲ್ಲಿ ಎರರ್ ಒಂದೂ ಇಲ್ಲ.

ತಾರೀಖನ್ನು ನಂಬದೆ ಎರಡು ಫೈಲ್ ಒಂದೇನಾ ಅಂತ ನೋಡಬೇಕಾದರೆ ಪವರ್‌ಶೆಲ್‌ನಲ್ಲಿ ಗೆಟ್-ಫೈಲ್‌ಹ್ಯಾಶ್ ಕೊಡಿ. ಎರಡು ಕಡೆಯ ಹ್ಯಾಶ್ (ಫೈಲಿನ ಒಳಗಿನದ್ದರಿಂದ ಲೆಕ್ಕ ಹಾಕಿದ ಬೆರಳಚ್ಚು) ಒಂದೇ ಆದರೆ ಫೈಲ್ ಒಂದೇ.

ಲೆಡ್ಜರ್ ಅಕ್ಕ · ಶುಕ್ರವಾರ ಮಧ್ಯಾಹ್ನ 12:50

ಎಲ್ಲರಿಗೂ ಧನ್ಯವಾದ. ಏನಾಯಿತು ಅಂತ ಹೇಳುತ್ತೇನೆ.

ಮೊದಲು ಅವನ ಫೈಲ್‌ಗಳನ್ನೆಲ್ಲ ಡೆಸ್ಕ್‌ಟಾಪ್‌ಗೆ ಕಾಪಿ ಮಾಡಿದೆವು. ಐಪಿ ಹಾಕಿ ತೆರೆದಾಗ ಅದೇ ಲ್ಯಾಪ್‌ಟಾಪ್‌ನಲ್ಲಿ ಇವತ್ತಿನ ಶೀಟ್ ಬಂತು. ಹುಡುಗ ನಂಬಲಿಲ್ಲ, ಎರಡು ಸಲ ಮುಚ್ಚಿ ತೆರೆದ. ಸಿಂಕ್ ಸೆಂಟರ್‌ನಲ್ಲಿ ಕಾನ್‌ಫ್ಲಿಕ್ಟ್ ಪಟ್ಟಿ ನೋಡಿ ನನಗೇ ತಲೆ ತಿರುಗಿತು. ನಾವು ಗಮನಿಸಿದ್ದು ಒಂದು ಶೀಟ್, ಅಲ್ಲಿದ್ದದ್ದು ಒಂದು ರಾಶಿ. ಎಲ್ಲದಕ್ಕೂ ಎರಡೂ ಇರಲಿ ಅಂತ ಒತ್ತಿದೆವು. ತಾಳೆ ಶೀಟನ್ನು ಕೈಯಿಂದ ಒಂದು ಮಾಡಿದೆವು. ಅವನು ಗುರುತು ಹಾಕಿದ್ದ ಕೆಲವು ಬಿಲ್ ನಮ್ಮ ಶೀಟ್‌ನಲ್ಲಿ ಬಾಕಿ ಅಂತಲೇ ಇದ್ದವು. ಫಾರ್ಮ್ಯಾಟ್ ಹೊಡೆದಿದ್ದರೆ ಅವನು ಮಾಡಿದ್ದೆಲ್ಲ ಮತ್ತೆ ಮೊದಲಿಂದ ಆಗುತ್ತಿತ್ತು.

ಎರಡೂರು ಅಡ್ಮಿನ್ ಅಣ್ಣ ಹೇಳಿದ್ದು ಸರಿಯಾಗಿ ತಗುಲಿತು. ಜಿಪಿರಿಸಲ್ಟ್‌ನಲ್ಲಿ ಲೇಟೆನ್ಸಿ 1 ಅಂತಲೇ ಇತ್ತು! ಹಿಂದೆ ಸರ್ವರ್ ಹಾಕಿಕೊಟ್ಟವರು ಲ್ಯಾಪ್‌ಟಾಪ್‌ಗಳಿಗೆ ಆ ಪಾಲಿಸಿ ಹಾಕಿದ್ದರು. ಈ ಲ್ಯಾಪ್‌ಟಾಪ್ ಮೊದಲು ನಮ್ಮ ಸಾಹೇಬರದ್ದು. ಅವರು ಒಬ್ಬರೇ ನೋಡುವ ಫೋಲ್ಡರ್ ಇದ್ದಾಗ ಏನೂ ತೊಂದರೆ ಆಗಿರಲಿಲ್ಲ. ಹುಡುಗನಿಗೆ ಕೊಟ್ಟ ಮೇಲೆ ಅವನು ಮನೆಯಿಂದ ಕೆಲಸ ಮಾಡಲು ಅಂತ ಇಡೀ ಕ್ಲೈಂಟ್ ಫೋಲ್ಡರನ್ನು ಆಫ್‌ಲೈನ್ ಮಾಡಿಕೊಂಡಿದ್ದಾನೆ.

ಪಾಲಿಸಿ ತೆಗೆಸಿದೆವು. ಸರ್ವರ್‌ನಲ್ಲಿ ಆ ಶೇರಿನ ಕ್ಯಾಶಿಂಗ್ ಸೆಟ್ಟಿಂಗ್‌ಗೆ ಹೋಗಿ ಯಾವ ಫೈಲೂ ಆಫ್‌ಲೈನ್ ಸಿಗಬಾರದು ಅಂತ ಮಾಡಿದೆ. ಆದರೂ ಅವನ ಝೆಡ್‌ನಲ್ಲಿ ಕೆಲವು ಹಳೇ ಹೆಸರುಗಳು ಇನ್ನೂ ಅಲ್ಲಲ್ಲಿ ಕಾಣುತ್ತಿವೆ.

ಕೇಬಲ್ ಎಳೆದವ · 1:20

ಕಾನ್‌ಫ್ಲಿಕ್ಟ್ ಪಟ್ಟಿ ಖಾಲಿ ಆಗಿದೆ ಅಂತ ಇನ್ನೊಮ್ಮೆ ಖಚಿತ ಮಾಡಿಕೊಳ್ಳಿ. ಆಮೇಲೆ ಸಿಂಕ್ ಸೆಂಟರ್‌ನ ಮ್ಯಾನೇಜ್ ಆಫ್‌ಲೈನ್ ಫೈಲ್ಸ್‌ನಲ್ಲಿ ಡಿಸೇಬಲ್ ಒತ್ತಿ ರೀಸ್ಟಾರ್ಟ್ ಮಾಡಿ. ಹೆಚ್ಚಿನವು ಅಲ್ಲಿಗೇ ಹೋಗುತ್ತವೆ. ಮುಂದೆ ಯಾವತ್ತಾದರೂ ಅವನಿಗೆ ಆಫ್‌ಲೈನ್ ಮತ್ತೆ ಬೇಕಾದರೆ, ಆನ್ ಮಾಡುವ ಮೊದಲು ಹಳೇ ಡೇಟಾಬೇಸ್ ಅಳಿಸಬೇಕು. ಇಲ್ಲದಿದ್ದರೆ ಅದೇ ನಕಲು ಎದ್ದು ಬರುತ್ತದೆ. ಅದಕ್ಕೆ ರಿಜಿಸ್ಟ್ರಿಯ ಸರ್ವಿಸಸ್‌ನಲ್ಲಿ ಸಿಎಸ್‌ಸಿ, ಅದರ ಕೆಳಗೆ ಪ್ಯಾರಾಮೀಟರ್ಸ್. ಅಲ್ಲಿ ಫಾರ್ಮ್ಯಾಟ್‌ಡೇಟಾಬೇಸ್ ಅಂತ ಡಿವರ್ಡ್ ಮಾಡಿ 1 ಕೊಟ್ಟು ರೀಸ್ಟಾರ್ಟ್. ಸಿಂಕ್ ಆಗದೆ ಉಳಿದದ್ದು ಏನಿದ್ದರೂ ಅದರ ಜೊತೆಗೇ ಹೋಗುತ್ತದೆ. ಡೆಸ್ಕ್‌ಟಾಪ್ ಕಾಪಿಗಳನ್ನು 3ಬಿ ಹಾಕುವವರೆಗೆ ಅಳಿಸಬೇಡಿ.

ಲೆಡ್ಜರ್ ಅಕ್ಕ · 2:45

ಡಿಸೇಬಲ್ ಮಾಡಿದ ಮೇಲೆ ಎಲ್ಲ ಹೋಯಿತು. ಇನ್ನೊಂದೇ ಪ್ರಶ್ನೆ. ಈ ಗಲಾಟೆಯಲ್ಲಿ ಯಾರೋ ಒಬ್ಬರು ಒಂದು ಶೀಟಿನ ಹಳೇ ಕಾಪಿಯನ್ನು ಸರ್ವರ್‌ನ ಒಳ್ಳೇದರ ಮೇಲೇ ಸೇವ್ ಮಾಡಿದ್ದಾರೆ. ನಿನ್ನೆ ಬೆಳಗಿನದು ವಾಪಸ್ ಸಿಗುತ್ತಾ?

ಎರಡೂರು ಅಡ್ಮಿನ್ · 3:05

ಸರ್ವರ್‌ನಲ್ಲಿ ಶ್ಯಾಡೋ ಕಾಪಿ (ಡ್ರೈವ್ ಆ ಹೊತ್ತಿಗೆ ಹೇಗಿತ್ತೋ ಹಾಗೇ ಉಳಿಸಿಡುವ ಸೌಲಭ್ಯ) ಆನ್ ಇದ್ದರೆ ಸಿಗುತ್ತದೆ ಅಕ್ಕಾರ. ಫೈಲ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಪ್ರೀವಿಯಸ್ ವರ್ಷನ್ಸ್. ರಿಸ್ಟೋರ್ ಒತ್ತಬೇಡ್ರಿ, ಓಪನ್ ಮಾಡಿ ಬೇರೆ ಕಡೆ ಕಾಪಿ ಮಾಡಿಕೊಳ್ಳಿ. ಡೀಫಾಲ್ಟ್ ಆಗಿ ಬೆಳಿಗ್ಗೆ 7ಕ್ಕೆ ಒಂದು, ಮಧ್ಯಾಹ್ನ 12ಕ್ಕೆ ಒಂದು ತೆಗೆಯುತ್ತದೆ. ಒಂದು ಡ್ರೈವ್‌ಗೆ 64ರ ತನಕ ಇಡುತ್ತದೆ, ಅದಕ್ಕೆ ಕೊಟ್ಟ ಜಾಗ ಸಾಲಬೇಕು ಅಷ್ಟೇ. ಒಂದು ಮಾತು, ಆ ಡೀಫಾಲ್ಟ್ ವೇಳಾಪಟ್ಟಿ ಸೋಮವಾರದಿಂದ ಶುಕ್ರವಾರಕ್ಕೆ ಮಾತ್ರ. ನಮ್ಮ ಕಡೆ ಶನಿವಾರವೂ ಆಫೀಸ್ ಇರುತ್ತದಲ್ಲ, ಆ ದಿನದ್ದು ಒಂದೂ ಇರುವುದಿಲ್ಲ.

ಲೆಡ್ಜರ್ ಅಕ್ಕ · 3:40

ಗುರುವಾರ 12 ಗಂಟೆಯದು ಸಿಕ್ಕಿತು. ವೇಳಾಪಟ್ಟಿ ತೆರೆದು ನೋಡಿದರೆ ನಮ್ಮಲ್ಲೂ ಶನಿವಾರಕ್ಕೆ ಟಿಕ್ ಇರಲಿಲ್ಲ. ಹಾಕಿದೆ, ಜೊತೆಗೆ ಸಂಜೆ 5ಕ್ಕೆ ಇನ್ನೊಂದು ಸೇರಿಸಿದೆ.